ಬಾಯಿಪಾಠದ ಅಸೆಂಬ್ಲಿ

ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ತರುವುದು, ಪ್ರೋಗ್ರಾಂ ಇದ್ದಂತೆಯೇ ಇಳಿಸಿಕೊಳ್ಳುವುದು, ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೈಕ್ರೊಪ್ರೊಸೆಸರ್ ಲ್ಯಾಬ್ ಎಷ್ಟೋ ಕಡೆ ನಡೆಯುವುದೇ ಹೀಗೆ. ಔಟ್‌ಪುಟ್ ಬಂದರೆ ಮೇಷ್ಟ್ರೂ ಮರುಮಾತಿಲ್ಲದೆ ಸಹಿ ಹಾಕುತ್ತಾರೆ. ಇದು ಕಲಿಕೆಯಲ್ಲ, ಇಬ್ಬರೂ ಸೇರಿ ಮಾಡುವ ವಂಚನೆ.

ಇಂಟೆಲ್‌ನ 8085 ಬಂದದ್ದು 1976ರಲ್ಲಿ. ಅಷ್ಟು ಹಳೆಯ ಚಿಪ್ಪನ್ನು ಪಾಠಕ್ಕಿಡುವುದು ಅದರ ರಿಜಿಸ್ಟರ್, ಫ್ಲ್ಯಾಗ್, ಸ್ಟ್ಯಾಕ್ ಎಲ್ಲವನ್ನೂ ಒಂದೊಂದೇ ಹೆಜ್ಜೆಯಿಟ್ಟು ನೋಡಬಹುದು ಎಂಬುದಕ್ಕೆ. ಆ ನೋಡುವ ಕೆಲಸವನ್ನೇ ನೀವು ಬಿಟ್ಟಿದ್ದೀರಿ.

ಹತ್ತು ಬೈಟ್‌ಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಪ್ರೋಗ್ರಾಂ ಎಲ್ಲರಿಗೂ ಬರುತ್ತದೆ. 'ಡಿಸಿಆರ್ ಸಿ', ಅದರ ಕೆಳಗೆ 'ಜೆಎನ್‌ಝಡ್'. ಹತ್ತನ್ನು ಮುನ್ನೂರು ಮಾಡಿ ನೋಡಿ. ಎಂಟು ಬಿಟ್‌ನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದು, ಆದ್ದರಿಂದ ಎಣಿಕೆಯನ್ನು ಬಿ-ಸಿ ಜೋಡಿಯಲ್ಲಿಟ್ಟು 'ಡಿಸಿಎಕ್ಸ್ ಬಿ' ಎಂದು ಬರೆಯುತ್ತೀರಿ. ಕೆಳಗೆ ಅದೇ 'ಜೆಎನ್‌ಝಡ್'. ಲೂಪ್ ಒಂದೋ ಒಂದೇ ಬೈಟಿಗೆ ನಿಲ್ಲುತ್ತದೆ, ಇಲ್ಲವೇ ಮುನ್ನೂರು ದಾಟಿದರೂ ನಿಲ್ಲದೆ ಮೆಮೊರಿಯನ್ನು ಅಳಿಸುತ್ತಾ ಹೋಗುತ್ತದೆ. ಏಕೆಂದರೆ 'ಡಿಸಿಎಕ್ಸ್' ಝೀರೋ ಫ್ಲ್ಯಾಗನ್ನು ಮುಟ್ಟುವುದೇ ಇಲ್ಲ. ಆ ಲೂಪಿನ ಉಳಿದ ಸೂಚನೆಗಳೂ ಮುಟ್ಟುವುದಿಲ್ಲ. 'ಜೆಎನ್‌ಝಡ್' ನೋಡುವುದು ಲೂಪಿಗೂ ಮೊದಲು ಯಾವುದೋ ಸೂಚನೆ ಬಿಟ್ಟುಹೋದ ಫ್ಲ್ಯಾಗನ್ನು. ಬಿ-ಯನ್ನು ಎ-ಗೆ ತಂದು, ಸಿ-ಯೊಡನೆ ಓರ್ ಮಾಡಿದರೆ ಮುಗಿಯಿತು. ಇಷ್ಟನ್ನು ಕಾಣಲು ಸಿಂಗಲ್ ಸ್ಟೆಪ್ ಕೀಲಿ ನಾಲ್ಕಾರು ಸಲ ಒತ್ತಿದರೆ ಸಾಕಿತ್ತು. ಒತ್ತುವ ವ್ಯವಧಾನ ಯಾರಿಗಿದೆ?

'ಈಗ ಪೈಥಾನ್ ಇದೆಯಲ್ಲ' ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಸೋಮಾರಿತನಕ್ಕೆ ಹೊದಿಸಿದ ಶಾಲು ಅದು. 'ಕಾಲ್' ಮಾಡಿದಾಗ ಹಿಂದಿರುಗುವ ವಿಳಾಸ ಸ್ಟ್ಯಾಕಿನಲ್ಲಿ ಕೂರುತ್ತದೆ. ಸಬ್‌ರೂಟೀನಿನೊಳಗೆ ಒಂದು 'ಪುಶ್' ಮಾಡಿ 'ಪಾಪ್' ಮರೆತರೆ, 'ರೆಟ್' ನಿಮ್ಮ ಡೇಟಾವನ್ನೇ ವಿಳಾಸವೆಂದು ನಂಬಿ ಅಲ್ಲಿಗೆ ಜಿಗಿಯುತ್ತದೆ. 1988ರ ನವೆಂಬರಿನಲ್ಲಿ ಇಂಟರ್‌ನೆಟ್ಟಿನ ಸಾವಿರಾರು ಯಂತ್ರಗಳನ್ನು ಕಂಗೆಡಿಸಿದ ಮಾರಿಸ್ ವರ್ಮ್ ಬಳಸಿದ ದಾರಿಗಳಲ್ಲಿ ಇದೂ ಒಂದು: ಬಫರ್ ತುಂಬಿ ಹರಿಸಿ, ಸ್ಟ್ಯಾಕಿನಲ್ಲಿದ್ದ ಆ ವಿಳಾಸವನ್ನೇ ಬದಲಿಸಿತು. ಸ್ಟ್ಯಾಕ್ ಗೊತ್ತಿಲ್ಲದವರು ಸೈಬರ್ ಭದ್ರತೆಯ ಸರ್ಟಿಫಿಕೇಟ್ ಹಿಡಿದು ಏನು ಕಾಯುತ್ತಾರೆ?

ಮೇಷ್ಟ್ರೇ, ಮುಂದಿನ ವೈವಾದಲ್ಲಿ ಡೆಫಿನಿಷನ್ ಕೇಳಬೇಡಿ. ವಿದ್ಯಾರ್ಥಿಯ ಪ್ರೋಗ್ರಾಮಿನಿಂದ ಒಂದು 'ಪಾಪ್' ತೆಗೆದುಹಾಕಿ, ಅದು ಈಗ ಎಲ್ಲಿಗೆ ಹೋಗುತ್ತದೆಂದು ರನ್ ಮಾಡುವ ಮುಂಚೆಯೇ ಹೇಳಿಸಿ.