ಊರು ಬಿಡಿಸದ ನಗರ ಯಾವುದು?

ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಯನ್ನು ರಚಿಸುವ ಪ್ರಸ್ತಾವಕ್ಕೆ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಸಮ್ಮತಿಯಿತ್ತಂದಿನಿಂದ, 1962ರಲ್ಲಿ ಒಂದೇ ಪಾಲಿಕೆಯ ನೊಗಕ್ಕೆ ಹೂಡಿದ ಹುಬ್ಬಳ್ಳಿ-ಧಾರವಾಡಗಳೊಳಗೆ ವಾಸಕ್ಕೆ ಯಾವುದು ಲೇಸೆಂಬ ಹಳೆಯ ಚರ್ಚೆಗೆ ಹೊಸ ಕಳೆ ಬಂದಿದೆ. ವಾದದ ಜಾಡು ಮಾತ್ರ ಹಳೆಯದೇ. ಒಂದು ಪಕ್ಷದವರು ಧಾರವಾಡದ ಜಿಟಿಜಿಟಿ ಮಳೆಯನ್ನೂ, ಕರ್ನಾಟಕ ಕಾಲೇಜು ಮತ್ತು ವಿಶ್ವವಿದ್ಯಾಲಯಗಳನ್ನೂ, 1890ರಲ್ಲಿ ಸ್ಥಾಪಿತವಾದ ವಿದ್ಯಾವರ್ಧಕ ಸಂಘವನ್ನೂ, 1950ರಿಂದ ನುಡಿಯುತ್ತಿರುವ ಆಕಾಶವಾಣಿಯನ್ನೂ ಎಣಿಸುತ್ತಾರೆ. ಮತ್ತೊಂದು ಪಕ್ಷದವರು ದುರ್ಗದಬೈಲಿನ ಪೇಟೆಯನ್ನೂ, ಅಮರಗೋಳದ ಎಪಿಎಂಸಿಯನ್ನೂ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯನ್ನೂ, 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನೂ ಮುಂದಿಡುತ್ತಾರೆ. ಒಂದರಲ್ಲಿ ಶಾಂತಿಯುಂಟು, ಇನ್ನೊಂದರಲ್ಲಿ ದುಡಿಮೆಯುಂಟು ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ತಕ್ಕಡಿಯನ್ನು ಹಿಡಿದವರೆಲ್ಲರೂ ನಗರದೊಳಗೆ ಮನೆ ಕಟ್ಟಿ ನಿಂತವರು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಒಕ್ಕಲು ಮನೆತನಗಳು ಈ ಎರಡು ನಗರಗಳನ್ನು ಅಳೆಯುವ ಕೊಳಗವೇ ಬೇರೆ. ಎರೆ ಹೊಲದಲ್ಲಿ ಹೆಸರು, ಕಡಲೆ, ಮೆಣಸಿನಕಾಯಿ ಬೆಳೆಯುವವನಿಗೆ ಸಾಧನಕೇರಿಯ ದಂಡೆಯಾಗಲಿ ಉಣಕಲ್ ಕೆರೆಯ ಉದ್ಯಾನವಾಗಲಿ ಮುಖ್ಯವಲ್ಲ. ಮಗನನ್ನು ಓದಿಸುವುದಕ್ಕೆ, ತಂದೆಯನ್ನು ದವಾಖಾನೆಗೆ ತೋರಿಸುವುದಕ್ಕೆ, ಮಾಲು ಮಾರುವುದಕ್ಕೆ ನಗರಕ್ಕೆ ಹೋಗಬೇಕಾದಾಗ ತನ್ನ ಊರನ್ನು ಎಷ್ಟರಮಟ್ಟಿಗೆ ಬಿಟ್ಟುಕೊಡಬೇಕಾದೀತು ಎಂಬುದೇ ಅವನ ಪ್ರಶ್ನೆ.

ಬೆಳಗಿನ ಹೊತ್ತು ಧಾರವಾಡದ ಬಸ್ ನಿಲ್ದಾಣದಲ್ಲಿ ಅರ್ಧ ಗಳಿಗೆ ನಿಂತರೆ ಈ ಪ್ರಶ್ನೆಯ ಆಕಾರ ಕಣ್ಣಿಗೆ ಕಾಣುತ್ತದೆ. ಹಳ್ಳಿಯಿಂದ ಬಂದ ಬಸ್ಸಿನಲ್ಲಿ, ಚಾಲಕನ ಪಕ್ಕದ ಜಾಗದಲ್ಲಿ, ಬುತ್ತಿಯ ಚೀಲಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಒಂದೊಂದಕ್ಕೂ ಗುರುತಿಗೆಂದು ಬಣ್ಣದ ಅರಿವೆಯ ತುಂಡು ಕಟ್ಟಿರುತ್ತದೆ. ಒಳಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಸಪ್ತಾಪುರದ ಕೋಣೆಯಿಂದ ಓಡುತ್ತ ಬಂದ ಹುಡುಗನೊಬ್ಬ ತನ್ನ ಚೀಲವನ್ನೆತ್ತಿಕೊಂಡು, ನಿನ್ನೆಯ ಖಾಲಿ ಡಬ್ಬಿಯನ್ನು ಅದೇ ಜಾಗದಲ್ಲಿಟ್ಟು, “ಅಣ್ಣಾರ, ನಮ್ಮವ್ವಗ ನಾಳೆ ಎರಡ್ ರೊಟ್ಟಿ ಹೆಚ್ಚಿಗಿ ಕಟ್ಟಾಕ ಹೇಳ್ರಿ” ಎನ್ನುತ್ತಾನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೋಣೆಬಾಡಿಗೆ, ತರಬೇತಿಯ ಶುಲ್ಕ, ಕುಳಿತು ಓದುವ ಖಾಸಗಿ ವಾಚನಾಲಯದ ತಿಂಗಳ ಹಣ ಇವೆಲ್ಲವನ್ನೂ ಹೊಲವೇ ತೆರಬೇಕು. ಒಂದು ಮನೆಯ ಒಲೆ ಎರಡು ಊರುಗಳಲ್ಲಿ ಉರಿಯುವ ಈ ವ್ಯವಸ್ಥೆಯಲ್ಲಿ, ಊಟದ ವೆಚ್ಚವನ್ನಾದರೂ ಉಳಿಸುವುದಕ್ಕೆ ತಾಯಿಯು ಕಂಡುಕೊಂಡ ಉಪಾಯವೇ ಆ ಬುತ್ತಿ. ಧಾರವಾಡವು ವಿದ್ಯೆಯನ್ನು ಕೊಡುತ್ತದೆ, ದಿಟ. ಆದರೆ ವಿದ್ಯಾರ್ಥಿಯನ್ನು ವರ್ಷಾನುಗಟ್ಟಲೆ ಇರಿಸಿಕೊಂಡೇ ಕೊಡುತ್ತದೆ.

ಹುಬ್ಬಳ್ಳಿಯ ರೀತಿ ಬೇರೆ. ಕುಂದಗೋಳವೂ ಅಣ್ಣಿಗೇರಿಯೂ ಅಲ್ಲಿಗೆ ಬರುವ ರೈಲುಹಾದಿಗಳ ಮೇಲಿವೆ. ನವಲಗುಂದ, ಕಲಘಟಗಿಗಳಿಗೆ ರೈಲಿಲ್ಲದಿದ್ದರೂ ವಿಜಯಪುರದ ಹೆದ್ದಾರಿಯೂ ಅಂಕೋಲೆಯ ಹೆದ್ದಾರಿಯೂ ಅವುಗಳನ್ನು ಹುಬ್ಬಳ್ಳಿಗೆ ಕಟ್ಟಿವೆ. ಬೆಳಿಗ್ಗೆ ಹೊರಟವನು ಅಂಗಡಿಯಲ್ಲಿಯೋ ಗ್ಯಾರೇಜಿನಲ್ಲಿಯೋ ದುಡಿದು, ಅಥವಾ 1957ರಿಂದ ನಡೆದುಬಂದಿರುವ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ದೊಡ್ಡ ದವಾಖಾನೆಯಲ್ಲಿ ರೋಗಿಯನ್ನು ತೋರಿಸಿಕೊಂಡು, ಎಮ್ಮೆ ಹಿಂಡುವ ಹೊತ್ತಿಗೆ ಮನೆ ಸೇರಬಲ್ಲನು. ಬಿಸಿಲು, ಧೂಳು, ಇಕ್ಕಟ್ಟಿನ ಓಣಿಗಳು, ಮಳೆ ಬಂದರೆ ಉಕ್ಕುವ ನಾಲೆಗಳು, ನಲ್ಲಿಗೆ ನೀರು ಬರುವ ದಿನವನ್ನೆಣಿಸುವ ಬಡಾವಣೆಗಳು ಇವು ಹುಬ್ಬಳ್ಳಿಯ ದೋಷಗಳೆಂಬುದನ್ನು ಅಲ್ಲಿಯವರೇ ಅಲ್ಲಗಳೆಯರು. ಆದರೂ ಊರನ್ನು ಬಿಡಿಸದೆ ಉಪಯೋಗಕ್ಕೆ ಬರುವ ನಗರವೇ ಹಳ್ಳಿಗನಿಗೆ ಲೇಸಾದ ನಗರವೆಂಬ ಅಳತೆಯನ್ನು ಒಪ್ಪುವುದಾದರೆ, ಸುಂದರವಾದ ಧಾರವಾಡಕ್ಕಿಂತ ಒರಟಾದ ಹುಬ್ಬಳ್ಳಿಯೇ ಮೇಲೆಂದು ನಾನು ಹೇಳುತ್ತೇನೆ.

ಜಿಲ್ಲಾಡಳಿತವು ಧಾರವಾಡದಲ್ಲಿರುವುದು ಈ ತೀರ್ಪನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಕುಂದಗೋಳದವನೂ ಅಣ್ಣಿಗೇರಿಯವನೂ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬೇಕಾದರೆ ಹುಬ್ಬಳ್ಳಿಯನ್ನು ಹಾಯ್ದು ಮತ್ತೆ ಇಪ್ಪತ್ತು ಕಿಲೋಮೀಟರ್ ಮುಂದೆ ಸಾಗಬೇಕು. 2018ರಲ್ಲಿ ಸಂಚಾರವನ್ನಾರಂಭಿಸಿದ ಚಿಗರಿ ಬಸ್ಸು ಈ ಕೊನೆಯ ಹಾದಿಯನ್ನು ಹಗುರಗೊಳಿಸಿತು. ಆದರೆ ಅದರ ದಾರಿ ಎರಡು ನಗರಗಳ ನಡುವೆಯೇ ಮುಗಿಯುತ್ತದೆ.

ಇನ್ನು ಋಣದ ಮಾತು. ಹುಬ್ಬಳ್ಳಿಯು ದಶಕಗಳ ಕಾಲ ಕುಡಿದ ನೀರಸಾಗರದ ನೀರು ಕಲಘಟಗಿ ತಾಲ್ಲೂಕಿನದು. ಇಂದು ಎರಡೂ ನಗರಗಳಿಗೆ ಆಧಾರವಾಗಿರುವ ಮಲಪ್ರಭೆಯ ಕಾಲುವೆ ನೀರಿನ ಕರದ ವಿಷಯವಾಗಿಯೇ 1980ರ ಜುಲೈ 21ರಂದು ನವಲಗುಂದದ ರೈತರು ಗುಂಡಿನೇಟನ್ನು ಕಂಡರು. ಕಳಸಾ-ಬಂಡೂರಿ ನೀರಿನ ಯೋಜನೆಗಾಗಿ ನಡೆದ ಚಳವಳಿಯಲ್ಲಿ, ಅವಳಿ ನಗರಗಳ ಕುಡಿಯುವ ನೀರೂ ಸೇರಿದ್ದ ಬೇಡಿಕೆಗೆ, 2016ರಲ್ಲಿ ನವಲಗುಂದ ತಾಲ್ಲೂಕಿನ ಯಮನೂರಿನ ಜನ ಲಾಠಿಯ ಪೆಟ್ಟನ್ನುಂಡರು. ನೀರು ಹಳ್ಳಿಯದು, ಪೆಟ್ಟು ಹಳ್ಳಿಯದು. ನಲ್ಲಿ ಮಾತ್ರ ನಗರದ್ದು.

ಎಲ್ಲ ಕಾಲಕ್ಕೂ ಹೀಗೆಯೇ ಇದ್ದಿತೆಂದಲ್ಲ. ಗಾಯಕ ಸವಾಯಿ ಗಂಧರ್ವರು ಸ್ವಂತ ಊರಾದ ಕುಂದಗೋಳಕ್ಕೆ ಮರಳಿ ನೆಲೆಸಿದಾಗ, ಹುಬ್ಬಳ್ಳಿಯಲ್ಲಿದ್ದ ಗಂಗೂಬಾಯಿ ಹಾನಗಲ್ ಅವರು ರೈಲು ಹತ್ತಿ ಅಲ್ಲಿಗೆ ಸಂಗೀತ ಪಾಠಕ್ಕೆ ಹೋಗುತ್ತಿದ್ದರು. ವಿದ್ಯೆಯನ್ನರಸಿ ನಗರವೇ ಹಳ್ಳಿಗೆ ಹೋಗಿ ಸಂಜೆಗೆ ಹಿಂದಿರುಗುತ್ತಿದ್ದ ಆ ಹಾದಿಯ ಹಳಿಗಳು ಇಂದಿಗೂ ಇವೆ.

ಎರಡು ಪಾಲಿಕೆಗಳಾಗುವ ಹೊತ್ತಿನಲ್ಲಿ ಯಾವ ವಾರ್ಡು ಯಾರಿಗೆ, ಯಾವ ಆಸ್ತಿ ಯಾರದೆಂಬ ಹಂಚಿಕೆ ನಡೆಯಬೇಕಾದುದೇ. ಅದರೊಡನೆ, ತಾಲ್ಲೂಕು ಊರುಗಳಲ್ಲಿ ರಾತ್ರಿಯೂ ತೆರೆದಿರುವ ಸಾರ್ವಜನಿಕ ವಾಚನಾಲಯ, ಧಾರವಾಡದ ಅಧ್ಯಾಪಕರು ವಾರಕ್ಕೆರಡು ದಿನ ಅಲ್ಲಿಗೇ ಬಂದು ಪಾಠ ಹೇಳುವ ಏರ್ಪಾಡು, ಕಚೇರಿಯ ಕೆಲಸ ಮುಗಿಸಿದವನನ್ನು ಕತ್ತಲಾಗುವ ಮುನ್ನ ಅಣ್ಣಿಗೇರಿಗೂ ಕುಂದಗೋಳಕ್ಕೂ ನೇರವಾಗಿ ಮುಟ್ಟಿಸುವ ಒಂದು ಬಸ್ಸು ಇವುಗಳ ಪ್ರಸ್ತಾಪವೂ ಬಂದರೆ, ಧಾರವಾಡವು ನನ್ನ ತೀರ್ಪನ್ನು ಸುಲಭವಾಗಿ ಸುಳ್ಳು ಮಾಡೀತು. ಅಲ್ಲಿಯವರೆಗೆ ಬೆಳಿಗ್ಗೆ ತುಂಬಿ ಬಂದ ಡಬ್ಬಿ ಮರುದಿನದ ಬಸ್ಸಿನಲ್ಲಿ ಬರಿದಾಗಿಯೇ ಹಳ್ಳಿಗೆ ಹೋಗುತ್ತಿರುತ್ತದೆ.