ಕಂಡಕ್ಟರ್‌ಗೆ ಎಂಟು, ಡಾಕ್ಟರ್‌ಗೆ ಮೂವತ್ತಾರು!

ಬಸ್ಸು ಓಡಿಸುವವ ತೂಕಡಿಸುತ್ತಿದ್ದರೆ ನೀವು ಸುಮ್ಮನೆ ಕೂರುತ್ತೀರಾ? "ಸೈಡಿಗೆ ಹಾಕಪ್ಪಾ" ಅಂತ ಇಡೀ ಬಸ್ಸೇ ಕೂಗುತ್ತದೆ. ಡ್ರೈವರ್, ಕಂಡಕ್ಟರ್‌ಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಕೇಂದ್ರ ಕಾಯ್ದೆಯಲ್ಲೇ ಬರೆದಿದ್ದರು. ಅದೇ ವರ್ಷ ನಮ್ಮ ರಾಜ್ಯದ ಅಂಗಡಿ ಕಾಯ್ದೆ ಕೆಲಸದ ಹುಡುಗರಿಗೆ ದಿನಕ್ಕೆ 9 ಗಂಟೆ ಎಂದಿತು. ಪಾಲನೆ ಎಷ್ಟಾಯಿತೆಂದು ಅಂಗಡಿಯವರನ್ನು ಕೇಳುವುದು ಬೇಡ ಬಿಡಿ! ಆದರೂ ಇನ್‌ಸ್ಪೆಕ್ಟರ್ ಬಂದಾನೆಂಬ ಭಯವಾದರೂ ಇತ್ತು.

ದೊಡ್ಡಾಸ್ಪತ್ರೆಯ ರಾತ್ರಿ ವಾರ್ಡಿನಲ್ಲಿ ನಮ್ಮ ನಾಡಿ ಹಿಡಿಯುವ ಪಿಜಿ ಡಾಕ್ಟರ್ ಗತಿ ಏನು? ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 1992ರಲ್ಲೇ ಹೇಳಿತ್ತು. ಕಾಗದ ಕಡತ ಸೇರಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ 36 ಗಂಟೆ, 48 ಗಂಟೆ ಡ್ಯೂಟಿಯನ್ನು ಅಮಾನವೀಯ ಎನ್ನಬೇಕಾಯಿತು.

ಕೋರ್ಟಿನ ಬಾಯಿಂದ ಆ ಮಾತು ಬರುವ ಹೊತ್ತಿಗೆ ಒಂದು ಜೀವ ಹೋಗಿತ್ತು. ಆಗಸ್ಟ್ 9, ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆ. 36 ಗಂಟೆಯ ಡ್ಯೂಟಿ ನಡುವೆ ಕಣ್ಣು ಮುಚ್ಚಲು ಸೆಮಿನಾರ್ ಹಾಲ್‌ಗೆ ಹೋದ ಹೆಣ್ಣುಮಗಳು ಎದ್ದು ಬರಲಿಲ್ಲ. ಅತ್ಯಾಚಾರ, ಕೊಲೆ. ಅಪರಾಧಿಗೆ 2025ರ ಜನವರಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು, ಸರಿ. ಆದರೆ ಡಾಕ್ಟರಮ್ಮ ಮಲಗಲು ಸೆಮಿನಾರ್ ಹಾಲೇ ಗತಿಯಾದದ್ದೇಕೆ? ಒಳಗಿಂದ ಚಿಲಕ ಹಾಕಿಕೊಳ್ಳಲು ಒಂದು ಕೋಣೆ ಇರಬಾರದಿತ್ತೇ?

ಅಪಾಯ ಹೊರಗಿನ ಕಿರಾತಕರಿಂದ ಮಾತ್ರ ಅಂದುಕೊಳ್ಳಬೇಡಿ. ನಿದ್ದೆಗೆಟ್ಟ ಮೈಯೇ ಶತ್ರು. ಅಮೆರಿಕದಲ್ಲಿ 2,737 ಮಂದಿ ಹೊಸ ಡಾಕ್ಟರುಗಳನ್ನು ವಿಚಾರಿಸಿ 2005ರಲ್ಲಿ ವರದಿ ಕೊಟ್ಟರು: 24 ಗಂಟೆ ಮೀರಿದ ಡ್ಯೂಟಿ ಮುಗಿಸಿ ಕಾರು ಹತ್ತಿದವರಿಗೆ ಅಪಘಾತದ ಸಂಭವ ಎರಡು ಪಟ್ಟಿಗೂ ಹೆಚ್ಚು! ರಾತ್ರಿಯಿಡೀ ದುಡಿದ ಮರುದಿನ ಸೂಜಿ ಚುಚ್ಚಿಕೊಳ್ಳುವುದೂ ಒಂದೂವರೆ ಪಟ್ಟಿಗಿಂತ ಹೆಚ್ಚು ಎಂದಿತು 2006ರ ವರದಿ. ರೋಗಿಯ ರಕ್ತ ಹತ್ತಿದ ಸೂಜಿ, ಸ್ವಾಮಿ. ಕಾಮಾಲೆ, ಎಚ್‌ಐವಿ ಎರಡೂ ಅದರಲ್ಲೇ ಬರಬಹುದು. ಅಲ್ಲಿನವರಿಗಾದರೂ ಕಾರು, ನಮ್ಮ ಹುಡುಗರು ಹತ್ತುವುದು ಸ್ಕೂಟರ್.

ಇಷ್ಟಾದರೂ ನಡೆಯುವುದೇಕೆ? ಪಿಜಿ ಎಂದರೆ ಅರ್ಧ ವಿದ್ಯಾರ್ಥಿ, ಅರ್ಧ ನೌಕರ. ರಜೆ ಕೇಳಿದರೆ "ಕಲಿಯೋಕೆ ಬಂದಿದ್ದೀಯ" ಅಂತಾರೆ. ಆಳು ಸಾಲದಾಗ ಅವನೇ ಆಳು. "ನಾವೂ ಹೀಗೇ ದುಡಿದವರು" ಎನ್ನುವ ಹಿರಿಯರ ಜಂಬ ಬೇರೆ. ದೂರು ಕೊಡೋಣವೆಂದರೆ ಪರೀಕ್ಷೆಯಲ್ಲಿ ಎದುರು ಕೂರುವವರು ಅವರೇ.

2023ರ ಹೊಸ ನಿಯಮವಾದರೂ ಬಿಗಿಯಾಗಿದೆಯೇ? "ಸಮಂಜಸ ಅವಧಿ" ದುಡಿಸಬೇಕಂತೆ. ಎಷ್ಟು ಗಂಟೆ ಸಮಂಜಸ? ಹೇಳಿಲ್ಲ! 1992ರಲ್ಲಿ ಅಂಕಿಯಾದರೂ ಇತ್ತು. ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿ ತೂಗುಹಾಕುವಂತೆ ವಾರ್ಡಿನ ಬಾಗಿಲಲ್ಲೂ ಒಂದು ಹಾಕಲಿ: ಈ ಡಾಕ್ಟರ್ ಡ್ಯೂಟಿಗೆ ಬಂದದ್ದು ಎಷ್ಟಕ್ಕೆ, ಬಿಡುವುದು ಎಷ್ಟಕ್ಕೆ. ಓದೋಕೆ ನಾವಿದ್ದೇವೆ.