ಒಂದು ಕೊಂಡಿಯ ಮೇಲೆ ನಿಂತ ಬದುಕು

ಮಾಲೇಕಲ್ಲು ತಿರುಪತಿಯ ತೇರಿಗೆ ಹೋಗಿಬಂದ ನಮ್ಮ ಅರಸೀಕೆರೆ ಸೀಮೆಯ ಜನಕ್ಕೆ ಮಿಣಿಯ ಗುಣವನ್ನು ಹೇಳಿಕೊಡಬೇಕಾಗಿಲ್ಲ. ನೂರಾರು ಎಳೆ ಹೊಸೆದ ಹಗ್ಗದಲ್ಲಿ ಒಂದೆಳೆ ಹರಿದರೆ ಉಳಿದವು ಭಾರ ಹೊರುತ್ತವೆ. ಸರಪಳಿಯ ಮಾತು ಬೇರೆ. ಅಲ್ಲಿ ಒಂದು ಕೊಂಡಿ ಬಿಟ್ಟರೆ ಉಳಿದ ಕೊಂಡಿಗಳು ಎಷ್ಟು ಗಟ್ಟಿಯಿದ್ದರೂ ವ್ಯರ್ಥ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ ಆದದ್ದು ಇದೇ. 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಭಾರ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ರೈತನ ಬೆಳೆಗೆಂದು ಕೂಡಿಟ್ಟ ನೀರು ಕಣ್ಣೆದುರೇ ಹರಿದುಹೋಯಿತು. ಬದಲಿ ತಡೆಯನ್ನು ಮುರಿದ ಮೇಲೆ ತಯಾರಿಸಬೇಕಾಯಿತು. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಅದನ್ನು ಇಳಿಸಿದವರು ಜೀವ ಒತ್ತೆಯಿಟ್ಟ ಕೆಲಸಗಾರರು. ಆ ವರ್ಷ ಮಳೆ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿತು. ಆದರೆ ಮಳೆಯ ದಯೆಯನ್ನು ವ್ಯವಸ್ಥೆ ಎಂದು ಕರೆಯಲಾದೀತೆ?

ಯಂತ್ರ ಎಷ್ಟು ಕಾಲ ಕೈಕೊಡದೆ ನಡೆದೀತೆಂದು ಲೆಕ್ಕ ಹಾಕುವ ಶಾಸ್ತ್ರವೊಂದಿದೆ. ಇಂಜಿನಿಯರುಗಳು ಅದನ್ನು ರಿಲಯಬಿಲಿಟಿ ಎನ್ನುತ್ತಾರೆ. ಅದರ ಮೊದಲ ಪಾಠ ಅಂಗಡಿಯ ಲೆಕ್ಕದಷ್ಟೇ ಸರಳ. ಒಂದು ಯಂತ್ರಕ್ಕೆ ನೂರು ಭಾಗ. ಒಂದು ಕೆಟ್ಟರೂ ಯಂತ್ರ ನಿಲ್ಲುತ್ತದೆ. ಪ್ರತಿ ಭಾಗವೂ ವರ್ಷವಿಡೀ ಬಾಳುವ ಸಂಭವ ನೂರಕ್ಕೆ 99 ಎನ್ನೋಣ. ಇಡೀ ಯಂತ್ರ ವರ್ಷ ಪೂರೈಸುವ ಸಂಭವ ನೂರಕ್ಕೆ ಸುಮಾರು 37 ಮಾತ್ರ! ಎರಡನೆಯ ಪಾಠ ಮಿಣಿಯದು. ನೂರಕ್ಕೆ 90 ನಂಬಬಹುದಾದ ಪಂಪು ಎರಡಿದ್ದು, ಒಂದು ನಿಂತರೆ ಇನ್ನೊಂದು ಸಾಕೆಂದಾದರೆ ನಂಬಿಕೆ 99ಕ್ಕೆ ಏರುತ್ತದೆ. ಆದರೆ ಎರಡನ್ನೂ ಒಂದೇ ತಂತಿಗೆ ಕಟ್ಟಿದರೆ, ತಂತಿ ಹೋದಾಗ ಎರಡೂ ಹೋದವು. ಮೂರನೆಯದು ವಯಸ್ಸಿನ ಪಾಠ. ಯಂತ್ರ ಹೊಸದರಲ್ಲಿ ಕಾಡುತ್ತದೆ, ನಡುವೆ ನೆಮ್ಮದಿಯಿಂದ ನಡೆಯುತ್ತದೆ, ಕೊನೆಗೆ ಸವೆದು ಮತ್ತೆ ಮತ್ತೆ ಕೆಡುತ್ತದೆ. ತುಂಗಭದ್ರೆಯ ಅಣೆಕಟ್ಟು 1953ರದು. ಎಪ್ಪತ್ತು ವರ್ಷದ ಮುದುಕನಿಗೆ ಯೌವನದ ಆರೈಕೆ ಸಾಲದು.

ಇನ್ನು ಗಿರಣಿಗಳ ಮಾತು. ಯಂತ್ರ ನಿಂತೊಡನೆ ಮೊದಲ ಪ್ರಶ್ನೆ, "ಪಾಳಿಯಲ್ಲಿದ್ದವನು ಯಾರು?" ಎಂಬುದು. ಬೇರಿಂಗು ಕಾಯುತ್ತಿದೆಯೆಂದು ಅವನು ವಾರದ ಹಿಂದೆಯೇ ಹೇಳಿರಬಹುದು. ಅದನ್ನು ಬರೆದುಕೊಂಡವರಿಲ್ಲ. ಎಣ್ಣೆಯಲ್ಲಿ, ಬಿಡಿಭಾಗದಲ್ಲಿ ಮಾಡಿದ ಉಳಿತಾಯ ಲಾಭದ ಖಾತೆಗೆ. ಅದರಿಂದ ಬಂದ ನಷ್ಟ ಕೂಲಿಕಾರನ ತಲೆಗೆ, ಕೆಲವೊಮ್ಮೆ ಅವನ ಕೈಬೆರಳಿಗೆ. ಗಿರಣಿ ನಿಂತರೆ ಸಂತೆಪೇಟೆಯ ಸಣ್ಣ ಅಂಗಡಿಯ ಗಲ್ಲಾಪೆಟ್ಟಿಗೆಯೂ ಬರಿದಾಗುತ್ತದೆ. ಆದುದರಿಂದ ಇದು ಇಬ್ಬರ ಪ್ರಶ್ನೆಯೂ ಹೌದು.

ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ಯಂತ್ರಕ್ಕೂ ಒಂದು ಪುಸ್ತಕವಿರಲಿ. ಯಾವ ದಿನ ಏನು ಕೆಟ್ಟಿತು, ಯಾರು ಮೊದಲೇ ಎಚ್ಚರಿಸಿದರು ಎಂಬುದು ಅದರಲ್ಲಿ ದಾಖಲಾಗಲಿ. ಕೆಡುವ ಮುನ್ನ ರಿಪೇರಿಗೆ ದಿನ ಗೊತ್ತುಮಾಡಲಿ, ಆ ದಿನದ ಕೂಲಿ ಕಡಿಯದಿರಲಿ. ಅಪಾಯ ಕಂಡ ಕಾರ್ಮಿಕ ಯಂತ್ರ ನಿಲ್ಲಿಸಿದರೆ ಅದು ಅಪರಾಧವಾಗದಿರಲಿ. ಸವೆದ ಕೊಂಡಿಯನ್ನು ಮೊದಲು ಕಾಣುವುದು ಅದರ ಬಳಿ ನಿಂತವನ ಕಣ್ಣು. ಆ ಕಣ್ಣಿಗೆ ಬಾಯಿ ಕೊಡಿ.